ಸಾಹೇಬರ ತಲೆ, ಶುಂಠಿಯ ಶಾಂಪೂ

ನೀರು ಸರಬರಾಜು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂರುವ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಒಂದು ಇತ್ತು. ಆದರೆ ಹಾಜರಿ ಹಾಕುವಾಗ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ಕಚೇರಿಯವರು, ಬೀದಿಯವರು, ಕೊನೆಗೆ ಮನೆಗೆ ಹಾಲು ಹಾಕುವವನು ಕೂಡ ಅವರನ್ನು ಕರೆಯುತ್ತಿದ್ದದ್ದು ಬಲ್ಲಯ್ಯನವರು ಎಂದೇ. ಯಾರು ಯಾವ ವಿಷಯ ಎತ್ತಿದರೂ ಅದನ್ನು ತಾವು ಮೊದಲೇ ಬಲ್ಲವರಾಗಿದ್ದರಿಂದ ಬಂದ ಬಿರುದು ಅದು. ಕೊಡೆ ರಿಪೇರಿಯಿಂದ ಹಿಡಿದು ಕಿಡ್ನಿಯ ಕಲ್ಲಿನವರೆಗೆ ಅವರಿಗೆ ತಿಳಿಯದ್ದು ಇರಲಿಲ್ಲ. ತಿಳಿದಿದ್ದರಲ್ಲಿ ಅರ್ಧ ತಪ್ಪಿರುತ್ತಿತ್ತು. ಉಳಿದರ್ಧವನ್ನು ಯಾರೂ ಪರೀಕ್ಷೆ ಮಾಡಿ ನೋಡುವ ಧೈರ್ಯ ಮಾಡಿರಲಿಲ್ಲ.

ಅವರ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಮಂದಿಯ ರಕ್ತವನ್ನು ಗಾಜಿನ ಚೂರಿನ ಮೇಲೆ ಹಚ್ಚಿ, ಯಂತ್ರದಲ್ಲಿ ಕಣ್ಣಿಟ್ಟು, ಇರುವುದು ಇದೆ ಇಲ್ಲದ್ದು ಇಲ್ಲ ಎಂದು ಬರೆದು ಕಳಿಸುವ ಕೆಲಸ. ಇಂಥ ಹೆಂಡತಿ ಇಂಥ ಗಂಡನಿಗೆ ಗಂಟುಬಿದ್ದದ್ದು ದೇವರ ತಮಾಷೆಯೋ ಯೋಚನೆಯೋ ಹೇಳುವುದು ಕಷ್ಟ.

ಆ ಲ್ಯಾಬಿನ ಗೆಳತಿಯೊಬ್ಬರ ಮನೆಯಲ್ಲಿ ಎರಡು ನಾಯಿಮರಿಗಳಿದ್ದವು. ಒಂದನ್ನು ತರಲೆಂದು ಗಂಡ ಹೆಂಡತಿ ಹೋದರು. ಒಂದು ಉದ್ದ ಕೂದಲಿನದು, ಬಿಚ್ಚಿದ ಹತ್ತಿಯ ಉಂಡೆಯಂತೆ ಉರುಳಾಡುತ್ತಿತ್ತು. ಇನ್ನೊಂದು ಕಂದು ಬಣ್ಣದ್ದು. ಅದಕ್ಕೆ ಮೈಮೇಲೆ ಕೂದಲಿದೆಯೋ ಬರೀ ಬಣ್ಣ ಬಳಿದಿದ್ದಾರೋ ಎಂದು ಮುಟ್ಟಿ ನೋಡಬೇಕು, ಅಷ್ಟು ಗಿಡ್ಡ. ಹೆಂಡತಿಯ ಕಣ್ಣು ಹತ್ತಿಯ ಉಂಡೆಯ ಮೇಲಿತ್ತು. ಬಲ್ಲಯ್ಯನವರು ಗಂಟಲು ಸರಿಮಾಡಿಕೊಂಡರು.

“ನೋಡು, ಉದ್ದ ಕೂದಲಿನ ನಾಯಿ ಅಂದ್ರೆ ಕಂಬಳಿ ಸಾಕಿದ ಹಾಗೆ. ಬಾಚಬೇಕು, ತೊಳೀಬೇಕು, ಒಣಗಿಸಬೇಕು, ಗಂಟು ಬಿಡಿಸಬೇಕು. ಈ ಗಿಡ್ಡ ಕೂದಲಿಂದಕ್ಕೆ ಏನೂ ಇಲ್ಲ. ವಾರಕ್ಕೊಂದು ಸಲ ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ಸ್ಕೂಟರ್ ಒರೆಸಲ್ವಾ, ಹಾಗೆ.”

“ಕೂದಲು ಉದುರಲ್ವಾ?”

“ಇದ್ರೆ ತಾನೆ ಉದುರೋದು.”

ಹೀಗೆ ಕಂದು ಮರಿ ಮನೆಗೆ ಬಂತು. ಬಣ್ಣ ನೋಡಿ ಹೆಂಡತಿ ಅದಕ್ಕೆ ಶುಂಠಿ ಎಂದು ಹೆಸರಿಟ್ಟರು.

ಗಿಡ್ಡ ಕೂದಲು ಉದುರುವುದಿಲ್ಲ ಎಂಬ ವಿಷಯ ಮನೆಯೊಳಗೇ ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಲ್ಲಯ್ಯನವರು ಅದನ್ನು ಕಚೇರಿಯ ಕ್ಯಾಂಟೀನಿನಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಕ್ಷೌರದ ಅಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಇದ್ದಾಗಲೂ ಹೇಳಿದರು. ಕಾಂಪೌಂಡು ಗೋಡೆಯ ಆಚೆ ನಿವೃತ್ತ ಹೆಡ್‌ಮಾಸ್ಟರೊಬ್ಬರಿದ್ದರು. ಬೀದಿಗೆಲ್ಲ ಮೇಷ್ಟ್ರು. ಅವರು ಮಾತ್ರ, “ಗಿಡ್ಡ ಕೂದಲೂ ಉದುರುತ್ತೆ ಕಣ್ರೀ. ಉದುರಿದ್ರೆ ಉದ್ದ ಕೂದಲಿಗಿಂತ ಕಷ್ಟ,” ಎಂದುಬಿಟ್ಟರು. ಬಲ್ಲಯ್ಯನವರು ಗೋಡೆಗೆ ಮೊಣಕೈ ಊರಿ, ಮೇಷ್ಟ್ರು ಕೈಯಲ್ಲಿ ಹಿಡಿದಿದ್ದ ಕಾಫಿ ಆರಿ ತಣ್ಣಗಾಗುವವರೆಗೆ ವಾದ ಮಾಡಿ, ಅವರನ್ನು ಸೋಲಿಸಿ ಕಳಿಸಿದರು. ಜೀವಮಾನವೆಲ್ಲ ಇನ್ನೊಬ್ಬರನ್ನು ತಿದ್ದುತ್ತಾ ಬಂದ ಮನುಷ್ಯ ಅಂದು ತಿದ್ದಿಸಿಕೊಂಡು ಒಳಗೆ ಹೋದರು. ಅದನ್ನು ಅವರು ಮರೆಯಲಿಲ್ಲ.

ಮರಿ ಬೆಳೆದು ನಾಯಿಯಾಯಿತು. ನಾಯಿಯಾದ ಮೇಲೆ ಉದುರತೊಡಗಿತು.

ಉದ್ದ ಕೂದಲು ಉದುರಿದರೆ ಒಂದು ಮರ್ಯಾದೆಯಿದೆ. ಮೂಲೆಯಲ್ಲಿ ಉಂಡೆಯಾಗಿ ಕೂತಿರುತ್ತದೆ, ಎತ್ತಿ ಬಿಸಾಕಬಹುದು. ಗಿಡ್ಡ ಕೂದಲಿಗೆ ಆ ಸಂಸ್ಕಾರವಿಲ್ಲ. ಅದು ಸೂಜಿಯಂತೆ ಬಟ್ಟೆಯೊಳಗೆ ನೆಟ್ಟಗೆ ನಿಲ್ಲುತ್ತದೆ. ಗುಡಿಸಿದರೆ ಹಾರುತ್ತದೆ, ಒರೆಸಿದರೆ ಅಂಟುತ್ತದೆ, ಬಿಟ್ಟರೆ ಚುಚ್ಚುತ್ತದೆ. ಸೋಫಾ ಮೊದಲು ಬೂದು ಬಣ್ಣದ್ದಾಗಿತ್ತು, ಬರಬರುತ್ತಾ ಶುಂಠಿಯ ಬಣ್ಣಕ್ಕೆ ತಿರುಗಿತು. ಕಾಲುಚೀಲದಲ್ಲಿ ಕೂದಲು, ದಿಂಬಿನಲ್ಲಿ ಕೂದಲು, ಕನ್ನಡಕದ ಪೆಟ್ಟಿಗೆ ತೆರೆದರೆ ಅಲ್ಲೂ ಎರಡು. ಒಂದು ಬೆಳಿಗ್ಗೆ ಬಲ್ಲಯ್ಯನವರು ಹಲ್ಲುಜ್ಜಲು ಹೋಗಿ ಬ್ರಷ್ಷನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತರು.

ಹೆಂಡತಿ ಲ್ಯಾಬಿನವರ ಪದ್ಧತಿಯಂತೆ ಅಂಟು ಟೇಪಿನ ಮೇಲೆ ಕೂದಲನ್ನು ಅಂಟಿಸಿ ಗಂಡನ ಮುಂದೆ ಇಟ್ಟರು.

“ಇದು ನಂಬೋ ಹಾಗಿಲ್ಲ,” ಎಂದರು ಬಲ್ಲಯ್ಯನವರು. “ಎದುರುಮನೆ ಕಾಲೊರಸಿಂದ ಗಾಳೀಲಿ ಬಂದಿರಬೇಕು.”

“ಎದುರುಮನೇದು ಹಸಿರು ಕಾಲೊರಸು.”

“ಬಿಸಿಲಿಗೆ ಬಣ್ಣ ಹೋಗಿರುತ್ತೆ.”

ಕಚೇರಿಯಲ್ಲಿ ಇಂಥ ಉತ್ತರ ನಡೆಯಲಿಲ್ಲ. ಅಲ್ಲಿನ ಮ್ಯಾನೇಜರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಗಟ್ಟಿ ಧ್ವನಿಯ, ಗಟ್ಟಿ ಚಪ್ಪಲಿಯ ಮನುಷ್ಯ. ಅವರ ಶರೀರದಲ್ಲಿ ಮೆದುವಾದ ಜಾಗ ಎಂದರೆ ಒಂದೇ, ತಲೆ. ನೆತ್ತಿಯ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆದ್ದರಿಂದ ಎಡಗಿವಿಯ ಮೇಲೆ ಉದ್ದ ಬೆಳೆಸಿದ ಒಂದಿಷ್ಟು ಎಳೆಗಳನ್ನು ಬಲಗಿವಿಯವರೆಗೆ ಹಾಸಿ, ಎಣ್ಣೆ ಹಾಕಿ ಕೂರಿಸುತ್ತಿದ್ದರು. ಆ ಏರ್ಪಾಡಿಗೆ ಗಾಳಿ ಆಗದು. ಹಾಗಾಗಿ ಅವರ ಕೋಣೆಯ ಫ್ಯಾನು ತಿರುಗಿದ್ದನ್ನು ಕಂಡವರೇ ಇಲ್ಲ. ಎಂಥ ಸೆಕೆಯಲ್ಲೂ ಒಳಗೆ ಹೋದವರು ಬೆವರುತ್ತಾ ನಿಲ್ಲುತ್ತಿದ್ದರು. ಸಾಹೇಬರು ಅದನ್ನು ತಮ್ಮ ಮೇಲಿನ ಭಯ ಎಂದು ತಿಳಿದುಕೊಂಡಿದ್ದರು.

ಒಂದು ದಿನ ಸಾಹೇಬರು ಫೈಲು ತೆರೆದು ಬಲ್ಲಯ್ಯನವರನ್ನು ಕರೆಸಿದರು.

“ಏನ್ರೀ ಇದು, ಫೈಲಿಗೆ ಮೀಸೆ ಬಂದಿದೆ.”

“ಹಳೇ ಫೈಲು ಸಾರ್.”

“ತಮಾಷೆ ಬೇಡ. ದೂರದ ಪಂಪ್‌ಹೌಸಿಗೆ ಒಬ್ಬ ಗುಮಾಸ್ತ ಬೇಕು ಅಂತ ಮೇಲಿಂದ ಕೇಳ್ತಿದಾರೆ. ಅಲ್ಲಿ ಜನ ಇಲ್ಲ, ಬಸ್ಸಿಲ್ಲ, ಬರೀ ಪಂಪು. ಯಾರನ್ನ ಕಳಿಸೋದು ಅಂತ ನಾನು ಯೋಚನೆ ಮಾಡ್ತಾ ಇದೀನಿ. ಹೋಗಿ ಇದನ್ನ ಕ್ಲೀನ್ ಮಾಡ್ಕೊಂಡು ಬನ್ನಿ.”

ಬಲ್ಲಯ್ಯನವರು ಫೈಲು ಹಿಡಿದು ಹೊರಗೆ ಬಂದರು, ತಲೆಯಲ್ಲಿ ಪಂಪ್‌ಹೌಸೊಂದೇ. ಅಲ್ಲಿ ತಾವು ಬಲ್ಲದ್ದನ್ನೆಲ್ಲ ಯಾರಿಗೆ ಹೇಳುವುದು? ಪಂಪಿಗೆ ಹೇಳಬೇಕು.

ಅಂದೇ ಸಂಜೆ, ಯಾರಿಗೂ ಹೇಳದೆ ಪ್ರಾಣಿಗಳ ಡಾಕ್ಟರಮ್ಮನ ಬಾಗಿಲಿಗೆ ಹೋದರು. ಅಲ್ಲಿ ಸಾಲಿನಲ್ಲಿ ಕೂತಿದ್ದವರೆಲ್ಲರ ಕೈಯಲ್ಲೂ ಬೆಕ್ಕೋ ನಾಯಿಯೋ ಇತ್ತು. ಬಲ್ಲಯ್ಯನವರು ಒಬ್ಬರೇ ಬರಿಗೈಯಲ್ಲಿ ಕೂತಿದ್ದರು. ಡಾಕ್ಟರಮ್ಮ, “ಎಲ್ಲಿ ಪೇಷಂಟು?” ಎಂದು ಕೇಳಿ, ಉತ್ತರ ಬರುವ ಮೊದಲೇ ಅವರನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿದರು.

ಗಿಡ್ಡ ಕೂದಲಿನ ನಾಯಿಗೂ ಆರೈಕೆ ಬೇಕು ಎಂದರು ಡಾಕ್ಟರಮ್ಮ. ಮೊದಲು ಒಣ ಮೈಗೆ ರಬ್ಬರಿನ ಕೈಗವಸು ಹಾಕಿಕೊಂಡು ಸುತ್ತಸುತ್ತ ಉಜ್ಜಿ ಸತ್ತ ಕೂದಲನ್ನೆಲ್ಲ ಎಬ್ಬಿಸಬೇಕು. ಆಮೇಲೆ ಕೂದಲು ಮಲಗಿದ ದಿಕ್ಕಿಗೆ ಬಾಚಬೇಕು. ಆಮೇಲೆ ಉಗುರುಬೆಚ್ಚಗಿನ ನೀರು, ಈ ಶಾಂಪೂ. ಕಿವಿಯೊಳಗೆ ನೀರು ಹೋಗಬಾರದು. ಕೊನೆಗೆ ಉಗುರು, ತುದಿ ಮಾತ್ರ.

“ಅದೆಲ್ಲ ನಂಗೆ ಗೊತ್ತು,” ಎಂದರು ಬಲ್ಲಯ್ಯನವರು ಅಭ್ಯಾಸಬಲದಿಂದ.

“ಹಾಗಾದ್ರೆ ಯಾಕೆ ಬಂದ್ರಿ?”

ಬಲ್ಲಯ್ಯನವರು ಕೈಗವಸು, ಶಾಂಪೂ ಬಾಟಲಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟರು. ಚೀಲ ಸಣ್ಣದು, ಬಾಟಲಿ ಎತ್ತರದ್ದು. ಕುತ್ತಿಗೆಯೂ ಅರ್ಧ ಎದೆಯೂ ಹೊರಗೆ ಇಣುಕುತ್ತಿತ್ತು. ಬೀದಿಯ ತಿರುವಿನಲ್ಲಿ ಮೇಷ್ಟ್ರು ಎದುರಾದರು. ಬರಹ ಕಂಡಲ್ಲೆಲ್ಲ ಓದುವುದು ಅವರ ಹಳೆಯ ಚಾಳಿ.

“‘ಉದುರುವುದನ್ನು ತಡೆಯುತ್ತದೆ, ಬೇರಿಗೆ ಬಲ, ಮೈಗೆ ಹೊಳಪು,’” ಎಂದು ಓದಿದರು ಮೇಷ್ಟ್ರು. “ಯಾರಿಗ್ರೀ ಇದು?”

ಬಾಟಲಿಯ ಮೇಲೆ ನಾಯಿಯ ಚಿತ್ರವೂ ಅದರ ಕೆಳಗೆ ಸಣ್ಣ ಅಕ್ಷರದ ಒಂದು ಸಾಲೂ ಇತ್ತು. ಬಲ್ಲಯ್ಯನವರ ಹೆಬ್ಬೆರಳು ಸರಿಯಾಗಿ ಎರಡರ ಮೇಲೂ ಕೂತಿತು. ಈಗ ಅವರ ಮುಂದೆ ಇದ್ದದ್ದು ಎರಡೇ ದಾರಿ. ನಾಯಿಗೆ ಎಂದರೆ ಗೋಡೆಯ ಮೇಲೆ ಗೆದ್ದ ವಾದವೆಲ್ಲ ನೀರುಪಾಲು. ಬೇರೆ ಯಾರಿಗಾದರೂ ಎಂದರೆ ಯಾರಿಗೆ? ಅವರ ನೆತ್ತಿಯ ಮೇಲೆ ಲೋಟದ ತಳದಷ್ಟು ಅಗಲದ ಬಯಲೊಂದು ಮೂಡುತ್ತಿದ್ದದ್ದು ನೆನಪಾಯಿತು.

“ನಂಗೇ,” ಎಂದರು.

ಮೇಷ್ಟ್ರು ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. ಅಲ್ಲಿ ಲೋಟದ ಲೆಕ್ಕ ಮುಗಿದು ತಟ್ಟೆಯ ಲೆಕ್ಕ ಶುರುವಾಗಿ ಬಹಳ ವರ್ಷವಾಗಿತ್ತು.

“ಕೆಲಸ ಮಾಡುತ್ತಾ?”

“ನಾನು ಗೊತ್ತಿಲ್ಲದೆ ತರ್ತೀನಾ?”

ಶನಿವಾರ ಹೆಂಡತಿಗೆ ಡ್ಯೂಟಿ, ಬಲ್ಲಯ್ಯನವರಿಗೆ ರಜ. ಬಾಗಿಲು ಹಾಕಿ, ಶುಂಠಿಯನ್ನು ಬಚ್ಚಲಮನೆಗೆ ಕರೆದರು. ಬರಲಿಲ್ಲ. ಬಿಸ್ಕತ್ತು ತೋರಿಸಿದರು. ಬಿಸ್ಕತ್ತು ತಿಂದು ಹಿಂದಕ್ಕೆ ಹೋಯಿತು. ಎತ್ತಿಕೊಂಡು ಹೋದರು. ಒಣ ಮೈಗೆ ಮೊದಲು ಉಜ್ಜಬೇಕೆಂದು ಡಾಕ್ಟರಮ್ಮ ಹೇಳಿದ್ದರು, ಆದರೆ ಬಲ್ಲಯ್ಯನವರು ಪಾತ್ರೆ ತೊಳೆಯುವಾಗ ಯಾರಾದರೂ ಒಣಗಲೇ ಉಜ್ಜುತ್ತಾರೆಯೇ ಎಂದು ತರ್ಕ ಮಾಡಿ ಮೊದಲು ನೀರು ಹಾಕಿದರು.

ಸತ್ತ ಕೂದಲೆಲ್ಲ ಒದ್ದೆಯಾಗಿ ಮೈಗೆ ಕಚ್ಚಿಕೊಂಡಿತು. ಮೇಲೆ ಶಾಂಪೂ ಸುರಿದರು. ಅಂಗೈಯಷ್ಟು ಸಾಕಿತ್ತು, ಬಾಟಲಿಯ ಬಾಯಿ ಅಗಲವಿತ್ತು. ನೊರೆ ಏಳುತ್ತಾ ಹೋಗಿ ನಾಯಿ ಕಾಣದಾಯಿತು. ನೊರೆಯೊಳಗೆ ಕೈಹಾಕಿ ತಲೆಯೆಂದುಕೊಂಡು ಪ್ರೀತಿಯಿಂದ ಸವರಿದ್ದು ತಲೆಯಾಗಿರಲಿಲ್ಲ. ಶುಂಠಿ ಅವಮಾನದಿಂದ ಬೆಚ್ಚಿ ಮೂಗಿನಿಂದ ಬಾಲದವರೆಗೆ ಒಂದು ಸಲ ಮೈ ಕೊಡವಿತು.

ನಾಯಿ ಮೈ ಕೊಡವಿದ್ದನ್ನು ಹತ್ತಿರದಿಂದ ಕಂಡವರಿಗೆ ವಿವರಿಸಬೇಕಾಗಿಲ್ಲ. ನೊರೆ ನಾಲ್ಕೂ ಗೋಡೆಗೆ, ಚಾವಣಿಗೆ, ಹೆಂಡತಿ ಮಡಿಸಿಟ್ಟ ಬಟ್ಟೆಗೆ, ಮತ್ತು ಹೆಚ್ಚಿನ ಪಾಲು ಬಲ್ಲಯ್ಯನವರ ತಲೆಗೆ ಹೋಯಿತು. ಅವರು ಕಣ್ಣುಮುಚ್ಚಿ ಬಾಗಿಲು ತಡಕಾಡಿ ಹಿತ್ತಲಿಗೆ ಓಡಿಬಂದರು. ಗೋಡೆಯಾಚೆ ಮೇಷ್ಟ್ರು ಗಿಡಕ್ಕೆ ನೀರು ಬಿಡುತ್ತಿದ್ದರು.

“ಓಹೋ, ಶುರು ಮಾಡಿದೀರಿ,” ಎಂದರು ಮೇಷ್ಟ್ರು, ನೊರೆ ಹೊತ್ತ ತಲೆಯನ್ನು ಗೌರವದಿಂದ ನೋಡುತ್ತಾ. “ಎಷ್ಟು ಹಾಕ್ಕೋಬೇಕು?”

“ಇಷ್ಟು ಬೇಡ,” ಎಂದರು ಬಲ್ಲಯ್ಯನವರು. ಆ ದಿನ ಅವರು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.

ಮುಂದಿನ ವಾರಗಳಲ್ಲಿ ಬಲ್ಲಯ್ಯನವರು ಡಾಕ್ಟರಮ್ಮನ ಮಾತಿಗೆ ಬಂದರು. ಒಣ ಮೈಗೆ ಕೈಗವಸು ಹಾಕಿ ಉಜ್ಜಿದರು. ಶುಂಠಿಗೆ ಆ ಮುಳ್ಳುಮುಳ್ಳಿನ ರಬ್ಬರು ಬೆನ್ನಮೇಲೆ ಹರಿದಾಡಿದ್ದೇ ತಡ, ಕಾಲು ನಾಲ್ಕೂ ಮೇಲೆ ಮಾಡಿ ಮಲಗಿ, ಒಂದು ಕಾಲನ್ನು ಗಾಳಿಯಲ್ಲಿ ತಂಬೂರಿ ಮೀಟಿದಂತೆ ಆಡಿಸಿತು. ಕಿವಿ ಒರೆಸಲು ಬಿಟ್ಟಿತು. ಉಗುರು ಕತ್ತರಿಸಲು ಪಂಜ ಕೊಡುವಾಗ ಮಾತ್ರ ಮುಖ ಆಚೆ ತಿರುಗಿಸಿ, ಆಗುವುದು ಆಗಲಿ ಎಂಬಂತೆ ನಿಟ್ಟುಸಿರು ಬಿಡುತ್ತಿತ್ತು. ಬರಬರುತ್ತಾ ಬಾಟಲಿಯ ಮುಚ್ಚಳ ಟಪ್ಪೆಂದರೆ ಸಾಕು, ಎಲ್ಲಿದ್ದರೂ ಓಡಿಬಂದು ತನ್ನ ಟವೆಲ್ಲಿನ ಮೇಲೆ ಬಿದ್ದುಕೊಳ್ಳುತ್ತಿತ್ತು. ಸೋಫಾ ಬೂದು ಬಣ್ಣಕ್ಕೆ ಮರಳಿತು.

ಆದರೆ ಗೋಡೆಯಾಚೆ ಇನ್ನೊಂದು ಕಥೆ ಬೆಳೆಯುತ್ತಿತ್ತು. ಮೇಷ್ಟ್ರು ಔಷಧದ ಸೀಸೆ ತೊಳೆದು ತಂದು, “ಸ್ವಲ್ಪ ಕೊಡಿ” ಎಂದಿದ್ದರು. ಇಲ್ಲವೆನ್ನಲು ಬಲ್ಲಯ್ಯನವರಿಗೆ ಬಾಯಿ ಬರಲಿಲ್ಲ. ಶಾಂಪೂ ತನ್ನ ಕೆಲಸ ಮಾಡಿತು. ಮೇಷ್ಟ್ರ ಕಿವಿಯ ಸುತ್ತ ಉಳಿದಿದ್ದ ಬಿಳಿ ಕೂದಲು ರೇಷ್ಮೆಯಂತಾಯಿತು, ನೆತ್ತಿ ಮಿಂಚಿತು.

“ನಮ್ಮನೆಯವಳು ನಿನ್ನೆ ನನ್ನ ತಿರುಗಿ ನೋಡಿದಳು ಕಣ್ರೀ,” ಎಂದರು ಮೇಷ್ಟ್ರು. “ಯಾರೋ ಬಂದಿದಾರೆ ಅಂದ್ಕೊಂಡಳಂತೆ.”

ಆ ಮಿಂಚುವ ತಲೆ ಹೊತ್ತು ಮೇಷ್ಟ್ರು ನೀರಿನ ಬಿಲ್ಲು ಕಟ್ಟಲು ಕಚೇರಿಗೆ ಹೋದರು. ಕೌಂಟರಿನಲ್ಲಿ ನಿಂತು ಪಾಠ ಮಾಡುವ ಧ್ವನಿಯಲ್ಲಿ ಎಲ್ಲ ಹೇಳಿದರು. ಪಾಠ ಸಾಹೇಬರ ಕೋಣೆಯವರೆಗೂ ಕೇಳಿಸಿತು.

ಅಂದು ಮಧ್ಯಾಹ್ನ ಬಲ್ಲಯ್ಯನವರಿಗೆ ಕರೆ ಬಂತು. ಪಂಪ್‌ಹೌಸಿಗೇ ಎಂದುಕೊಂಡು ಒಳಗೆ ಹೋದರು.

“ಬಾಗಿಲು ಹಾಕಿ,” ಎಂದರು ಸಾಹೇಬರು. ಅವರ ಧ್ವನಿ ಯಾವತ್ತೂ ಇಲ್ಲದಷ್ಟು ಮೆತ್ತಗಿತ್ತು. “ಕೂತ್ಕೊಳ್ಳಿ.”

ಈ ಕೋಣೆಯಲ್ಲಿ ಕುರ್ಚಿ ಇರುವುದು ಕೂರಲು ಎಂಬುದು ಬಲ್ಲಯ್ಯನವರಿಗೆ ಅಂದೇ ತಿಳಿದದ್ದು.

“ನಿಮ್ಮ ಹತ್ರ ಏನೋ ಇದೆಯಂತೆ.”

“ಏನ್ ಸಾರ್?”

“ನನ್ನ ಬಾಯಲ್ಲಿ ಹೇಳಿಸ್ಬೇಡಿ.” ಸಾಹೇಬರು ಎಡಗಿವಿಯಿಂದ ಬಲಗಿವಿಯವರೆಗೆ ನಿಧಾನವಾಗಿ ಕೈಯಾಡಿಸಿದರು. “ಮುಂದಿನ ತಿಂಗಳು ಮಗಳನ್ನ ನೋಡೋಕೆ ಬರ್ತಾರೆ. ಹುಡುಗನ ಅಪ್ಪನಿಗೆ ನನಗಿಂತ ವಯಸ್ಸಾಗಿದೆ, ತಲೆ ತುಂಬ ಕೂದಲು. ಪಕ್ಕದಲ್ಲಿ ನಾನು ಹೇಗೆ ಕೂರೋದು ಹೇಳಿ.”

ಗಟ್ಟಿ ಧ್ವನಿಯ ಮನುಷ್ಯ ಹೀಗೆ ಕೇಳಿದಾಗ ಬಲ್ಲಯ್ಯನವರಿಗೆ ಪಾಪ ಅನ್ನಿಸಿತು. ಅದು ನಾಯಿಯದು ಸಾರ್ ಎಂಬ ಮಾತು ಗಂಟಲವರೆಗೆ ಬಂತು. ಮೇಜಿನ ಮೇಲೆ ಪಂಪ್‌ಹೌಸಿನ ಕಾಗದ ಕಾಣಿಸಿತು. ಮಾತು ಅಲ್ಲೇ ಕೂತಿತು.

“ಅದನ್ನ ಸುಮ್ನೆ ಹಚ್ಚೋ ಹಾಗಿಲ್ಲ ಸಾರ್,” ಎಂದರು, ತಪ್ಪಿಸಿಕೊಳ್ಳುವ ಉಪಾಯವೆಂದು. “ಒಂದು ಕ್ರಮ ಇದೆ. ಕೈಗವಸು ಬೇಕು. ತಿಳಿದವರೇ ಉಜ್ಜಬೇಕು.”

“ಸರಿ. ಭಾನುವಾರ ನಿಮ್ಮ ಮನೆಗೆ ಬರ್ತೀನಿ.”

ಮನೆಗೆ ಬಂದಾಗ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ಗಾಳಿ ಮೂಸುತ್ತಿದ್ದರು.

“ಒಂದು ವಿಷಯ ಕೇಳ್ಬೇಕಿತ್ತು ರೀ. ಮೇಷ್ಟ್ರ ತಲೆಯೂ ನಮ್ಮ ಶುಂಠಿಯೂ ಒಂದೇ ವಾಸನೆ ಬರುತ್ತಲ್ಲ, ಅದು ಹೇಗೆ?”

ಲ್ಯಾಬಿನವರ ಮುಂದೆ ಎಷ್ಟು ಹೊತ್ತು ಸುಳ್ಳಾಡಲು ಸಾಧ್ಯ? ಬಲ್ಲಯ್ಯನವರು ನೆಲ ನೋಡುತ್ತಾ ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರಮ್ಮ, ಹೆಬ್ಬೆರಳು, ಔಷಧದ ಸೀಸೆ, ಸಾಹೇಬರ ಭಾನುವಾರ. ಹೆಂಡತಿ ಎಲ್ಲ ಕೇಳಿಸಿಕೊಂಡು, ಮುಗಿದ ಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಅಲ್ಲಿ ಬಹಳ ಹೊತ್ತು ಪಾತ್ರೆ ಬೀಳುವ ಸದ್ದು ಬಂತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಹೋಗಿ ನೋಡುವ ಧೈರ್ಯ ಬಲ್ಲಯ್ಯನವರಿಗೆ ಆಗಲಿಲ್ಲ.

ಹೆಂಡತಿ ಹೊರಗೆ ಬಂದು, “ಅವರು ಬಂದ ತಕ್ಷಣ ನಿಜ ಹೇಳ್ಬಿಡಿ,” ಎಂದರು.

“ಹೇಳ್ತೀನಿ.”

ಹೇಳುವುದಕ್ಕೇ ಇದ್ದರು. ಆದರೆ ಭಾನುವಾರ ಸಾಹೇಬರು ಒಬ್ಬರೇ ಬರಲಿಲ್ಲ. ಹೆಂಡತಿಯನ್ನು ಕರೆದುಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಹೊಸ ಅಂಗಿ ತೊಟ್ಟು ಬಂದರು. ಹಿಂದೆಯೇ ಮೇಷ್ಟ್ರು, ಅನುಭವಸ್ಥರ ಗತ್ತಿನಲ್ಲಿ ಬಂದು ಕೂತರು. ಹಣ್ಣಿನ ಬುಟ್ಟಿ ತಂದವರಿಗೆ ಮೊದಲ ಮಾತಿಗೇ ನಾಯಿ ಎನ್ನುವುದು ಹೇಗೆ? ಶುಂಠಿಯನ್ನು ಒಳಕೋಣೆಯಲ್ಲಿ ಕೂಡಿ ಬಾಗಿಲು ಮುಂದಕ್ಕೆ ಎಳೆದಿದ್ದರು. ಅದರ ಟವೆಲ್ಲು ಮಾತ್ರ ನಡುಮನೆಯ ನೆಲದ ಮೇಲೇ ಉಳಿದುಬಿಟ್ಟಿತ್ತು. ಕುರ್ಚಿ ಹಾಕುವಾಗ ಅದೇ ಸಾಹೇಬರ ಕಾಲಡಿಗೆ ಬಂತು.

“ನಾಚ್ಕೋಬೇಡಿ ಸಾರ್,” ಎಂದರು ಮೇಷ್ಟ್ರು. “ನಂಗೂ ಮೊದಲನೇ ಸಲ ಒಂಥರಾ ಆಗಿತ್ತು.”

ಬಲ್ಲಯ್ಯನವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಚಾವಣಿ ನೋಡಿದರು. ಬೇರೆ ದಾರಿ ಕಾಣದೆ ಕೈಗವಸು ಹಾಕಿಕೊಂಡು, ಬೊಗಸೆ ನೀರಿನಿಂದ ಸಾಹೇಬರ ತಲೆ ನೆನೆಸಿದರು. ಎಡಗಿವಿಯ ಎಳೆಗಳು ಜಾಗ ಬಿಟ್ಟು ಜಾರಿ ಹೆಗಲ ಮೇಲೆ ಇಳಿಬಿದ್ದವು. ವರ್ಷಗಟ್ಟಲೆ ಬೆಳಕು ಕಾಣದ ನೆತ್ತಿ ಬೆಳಕು ಕಂಡಿತು. ಸಾಹೇಬರ ಹೆಂಡತಿ ಗೌರವದಿಂದ ಕಿಟಕಿಯ ಕಡೆ ತಿರುಗಿದರು.

ಬಲ್ಲಯ್ಯನವರು ಬಾಟಲಿ ಎತ್ತಿ ಮುಚ್ಚಳ ತೆಗೆದರು. ಟಪ್ಪೆಂದಿತು.

ಒಳಕೋಣೆಯ ಬಾಗಿಲು ತಾನಾಗಿ ತೆರೆಯಿತು. ಶುಂಠಿ ಬಂತು. ಓಡಿ ಬಂತು ಎನ್ನುವುದಕ್ಕಿಂತ ಹಕ್ಕಿನಿಂದ ಬಂತು. ತನ್ನ ಟವೆಲ್ಲಿನ ಮೇಲೆ ಯಾರದೋ ಕಾಲುಗಳಿದ್ದವು. ಅವನ್ನು ಮೂತಿಯಿಂದ ಬದಿಗೆ ತಳ್ಳಿ, ಅಂಗಾತ ಬಿದ್ದು, ಕಾಲು ಮೇಲೆ ಮಾಡಿ, ಬಲ್ಲಯ್ಯನವರ ಕಡೆಗೆ ಬಲಗಡೆಯ ಪಂಜ ಚಾಚಿ, ಮುಖವನ್ನು ಆಚೆ ತಿರುಗಿಸಿ ನಿಟ್ಟುಸಿರು ಬಿಟ್ಟಿತು. ಅಷ್ಟರಲ್ಲಿ ಬಲ್ಲಯ್ಯನವರ ಕೈ ಸಾಹೇಬರ ತಲೆಯ ಮೇಲೆ ನೊರೆ ಎಬ್ಬಿಸುತ್ತಲೇ ಇತ್ತು, ಕಲಿತ ಕೈ ತಾನಾಗಿ ಸುತ್ತಸುತ್ತ ಹೋಗುತ್ತಿತ್ತು. ಬಾಯಿ ಕೂಡ ಅಭ್ಯಾಸದಂತೆ, “ಜಾಣ ಮರಿ, ಅಲ್ಲಾಡಬಾರದು, ಕಿವಿ ತೋರಿಸು ನೋಡೋಣ,” ಎಂದುಬಿಟ್ಟಿತು.

ಸಾಹೇಬರು ಕಿವಿ ತೋರಿಸಿದರು. ಶುಂಠಿಯೂ ತೋರಿಸಿತು.

ಮೇಷ್ಟ್ರು ಏನೋ ಅನುಮಾನ ಬಂದವರಂತೆ ಕನ್ನಡಕ ಏರಿಸಿ ಬಾಟಲಿಯನ್ನು ಕೈಗೆತ್ತಿಕೊಂಡರು. ಈಗ ಅದರ ಮೇಲೆ ಯಾರ ಹೆಬ್ಬೆರಳೂ ಇರಲಿಲ್ಲ. ತರಗತಿಯ ಹಿಂದಿನ ಬೆಂಚಿಗೂ ಕೇಳುವ ಧ್ವನಿಯಲ್ಲಿ ಓದಿದರು.

“‘ಗಿಡ್ಡ ಕೂದಲಿನ ನಾಯಿಗಳಿಗೆ ಮಾತ್ರ.’”

ಸಾಹೇಬರ ತಲೆಯ ಮೇಲೆ ಸುತ್ತುತ್ತಿದ್ದ ಬಲ್ಲಯ್ಯನವರ ಕೈ ನಿಂತಿತು.

“ಅಂದ್ರೆ,” ಎಂದರು ಮೇಷ್ಟ್ರು ನಿಧಾನವಾಗಿ, “ನಾನು ಇಷ್ಟು ದಿನ ತಲೆಗೆ ಹಾಕ್ಕೊಂಡಿದ್ದು ನಾಯಿ ಶಾಂಪೂ.”

“ಹೌದು ಮೇಷ್ಟ್ರೇ. ತಪ್ಪಾಯ್ತು.”

“ಅದಿರಲಿ. ನಿಮ್ಮ ನಾಯಿಗೆ ಶಾಂಪೂ ಬೇಕು ಅಂತಾಯ್ತು. ಯಾಕೆ ಬೇಕು?”

“ಕೂದಲು ಉದುರುತ್ತೆ ಮೇಷ್ಟ್ರೇ.”

“ಗಿಡ್ಡ ಕೂದಲು ಉದುರುತ್ತೆ.”

“ಉದುರುತ್ತೆ.”

“ಹಾಗಾದ್ರೆ ಅವತ್ತು ನಾನು ಹೇಳಿದ್ದೇ ಸರಿ.”

“ನೀವು ಹೇಳಿದ್ದೇ ಸರಿ.”

ಮೇಷ್ಟ್ರ ಮುಖ ಬೆಳಗಿತು. ಶಾಂಪೂವಿನಿಂದ ಬಂದಿದ್ದಕ್ಕಿಂತ ಹೆಚ್ಚಿನ ಹೊಳಪು ಅದು. ಅವರು ಎದ್ದು, ಸಾಹೇಬರ ಹೆಂಡತಿಗೂ ಬಲ್ಲಯ್ಯನವರ ಹೆಂಡತಿಗೂ ಬೇರೆಬೇರೆಯಾಗಿ, “ಕೇಳಿಸ್ಕೊಂಡ್ರಲ್ಲ,” ಎಂದು ಹೇಳಿ, ಬೀದಿಯ ಉಳಿದವರಿಗೂ ತಿಳಿಸಲು ಹೊರಟೇ ಹೋದರು.

ಸಾಹೇಬರು ಕುರ್ಚಿಯಿಂದ ಎದ್ದರು. ಕಣ್ಣಿಗೆ ನೊರೆ ಇಳಿಯುತ್ತಿತ್ತು. ಬಗ್ಗಿ ತಡಕಾಡಿ ಕೈಗೆ ಸಿಕ್ಕ ಟವೆಲ್ಲನ್ನು ಶುಂಠಿಯ ಕೆಳಗಿನಿಂದ ಎಳೆದು, ತಲೆಯನ್ನು ಬಲವಾಗಿ ಒರೆಸಿಕೊಂಡು, ಟವೆಲ್ಲು ಬಿಸಾಕಿ ಹೊರಗೆ ನಡೆದರು. ಹೆಗಲ ಮೇಲೆ ಎಳೆಗಳು ಹಾರಾಡುತ್ತಿದ್ದವು. ಬೀದಿಯ ಗಾಳಿ ಅವನ್ನು ಒಂದು ಸಲ ಬಾವುಟದಂತೆ ಎತ್ತಿ ಇಳಿಸಿತು. ಸಾಹೇಬರ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಬಲ್ಲಯ್ಯನವರ ಹೆಂಡತಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಅವರಿಗೆ ಹೇಳ್ಬೇಡಿ, ನಾನು ನಕ್ಕೆ ಅಂತ,” ಎಂದು ಹೋದರು.

ಆಮೇಲೆ ಬಲ್ಲಯ್ಯನವರು ಮೂಲೆಯಲ್ಲಿ ಮುದುಡಿ ಕೂತರು. ಶುಂಠಿಗೆ ಅರ್ಥವಾಗಲಿಲ್ಲ. ಅದು ಇನ್ನೂ ಪಂಜ ಚಾಚಿಕೊಂಡೇ ಇತ್ತು. ಹೆಂಡತಿ ಪಕ್ಕಕ್ಕೆ ಬಂದು ಕೂತು, ಕೈಗವಸನ್ನು ತಾವು ಹಾಕಿಕೊಂಡು ಅದರ ಬೆನ್ನು ಉಜ್ಜತೊಡಗಿದರು.

“ಪಂಪ್‌ಹೌಸಿಗೆ ಬೇಕಾದ್ರೆ ಹೋಗೋಣ,” ಎಂದರು. “ಹತ್ತಿರದ ಊರಲ್ಲಿ ಆಸ್ಪತ್ರೆ ಇದ್ದೇ ಇರುತ್ತೆ. ಆದ್ರೆ ಇನ್ಮೇಲೆ ಯಾರು ಏನು ಕೇಳಿದ್ರೂ ಇರೋದನ್ನ ಇದೆ ಅನ್ಬೇಕು, ಇಲ್ಲದ್ದನ್ನ ಇಲ್ಲ ಅನ್ಬೇಕು. ಅಷ್ಟೇ. ಆಗುತ್ತಾ?”

“ಆಗುತ್ತೆ,” ಎಂದರು ಬಲ್ಲಯ್ಯನವರು. ನಂಗೆ ಗೊತ್ತು ಎನ್ನಲಿಲ್ಲ. ಅದನ್ನು ಹೆಂಡತಿ ಗಮನಿಸಿದರು.

ಸೋಮವಾರ ಕಚೇರಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಸಾಹೇಬರು ಬಂದಿದ್ದಾರೆ, ಬೆಳಿಗ್ಗೆಯಿಂದ ಬಾಗಿಲು ಹಾಕಿಕೊಂಡೇ ಕೂತಿದ್ದಾರೆ ಎಂಬ ಸುದ್ದಿ ಮಾತ್ರ ಇತ್ತು. ಬಲ್ಲಯ್ಯನವರು ತಮ್ಮ ಮೇಜಿನ ಖಾನೆ ಖಾಲಿ ಮಾಡಿ, ಸ್ವಂತ ಲೋಟವನ್ನು ಚೀಲಕ್ಕೆ ಹಾಕಿಕೊಂಡು ಕಾಯುತ್ತಾ ಕೂತರು. ಊಟದ ಹೊತ್ತಿಗೆ ಕರೆ ಬಂತು.

ಒಳಗೆ ಹೋದರು. ಸಾಹೇಬರು ಎದ್ದು ತಾವೇ ಬಾಗಿಲ ಚಿಲಕ ಹಾಕಿದರು. ಕಿಟಕಿಯ ಹತ್ತಿರ ಬೆಳಕಿಗೆ ಬಂದು ನಿಂತರು.

“ನಿನ್ನೆ ವಿಷಯ ನಾನು ಎತ್ತಲ್ಲ,” ಎಂದರು. “ಒಂದೇ ಒಂದು ಕೇಳ್ತೀನಿ. ನಮ್ಮನೆಯವಳು ನಗ್ತಾಳೆ, ಅವಳ ಮಾತು ನಂಬೋ ಹಾಗಿಲ್ಲ. ಕನ್ನಡೀಲಿ ನಂಗೆ ಮೇಲ್ಗಡೆ ಕಾಣಲ್ಲ. ಕೈಗೆ ಏನೋ ಸಿಕ್ಕ ಹಾಗಾಗುತ್ತೆ. ಉದುರಿಹೋದೀತು ಅಂತ ತಲೆಗೆ ನೀರು ಮುಟ್ಟಿಸಿಲ್ಲ, ಬರೀ ಎಣ್ಣೆ ಹಾಕಿದೀನಿ. ನಿಜ ಹೇಳಿ.”

ಇಷ್ಟು ಹೇಳಿ ಸಾಹೇಬರು ತಲೆ ಬಗ್ಗಿಸಿ, ಎಡಗಿವಿಯ ಎಳೆಗಳನ್ನು ಎರಡು ಬೆರಳಿನಲ್ಲಿ ಪರದೆ ಎತ್ತಿದಂತೆ ಎತ್ತಿ ಹಿಡಿದರು.

ಬಲ್ಲಯ್ಯನವರು ನೋಡಿದರು. ಎಣ್ಣೆಯಲ್ಲಿ ಮಿಂಚುವ ನೆತ್ತಿಯ ಮೇಲೆ ಅಲ್ಲೊಂದು ಇಲ್ಲೊಂದು, ಸೂಜಿಯಂತೆ ನೆಟ್ಟಗೆ, ಕಂದು ಬಣ್ಣದ ಗಿಡ್ಡ ಕೂದಲುಗಳು ನಿಂತಿದ್ದವು. ಶುಂಠಿಯ ಟವೆಲ್ಲಿನಿಂದ ಬಂದವು. ಬೇರೆ ಯಾರಿಗಾದರೂ ಸಂಶಯ ಬರಬಹುದು. ಆ ಕೂದಲನ್ನು ಕಾಲುಚೀಲದಲ್ಲಿ, ದಿಂಬಿನಲ್ಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಂಡ ಮನುಷ್ಯನಿಗೆ ಬರುವಂತಿರಲಿಲ್ಲ.

ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಇರುವುದನ್ನು ಇದೆ ಎನ್ನಬೇಕು.

“ಏನ್ರೀ, ಇದಾವಾ ಇಲ್ವಾ?” ಬಗ್ಗಿದಲ್ಲಿಂದಲೇ ಸಾಹೇಬರು ಕೇಳಿದರು.

“ಇದಾವೆ ಸಾರ್.”

“ಉದ್ದವೋ ಗಿಡ್ಡವೋ?”

“ಗಿಡ್ಡ ಸಾರ್.”

“ಹೊಸದಾಗಿ ಬಂದಿದ್ದು ಗಿಡ್ಡವೇ ಇರುತ್ತೆ. ಬಣ್ಣ?”

“ಕಂದು.”

ಸಾಹೇಬರು ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು. ಕಿಟಕಿಯ ಕಡೆ ತಿರುಗಿದರು.

“ಚಿಕ್ಕೋನಾಗಿದ್ದಾಗ ನಂದು ಕಂದು ಕೂದಲೇ ಅಂತ ನಮ್ಮಮ್ಮ ಹೇಳ್ತಿದ್ರು,” ಎಂದರು. “ನಾನೇ ಮರೆತಿದ್ದೆ.”

ಬಲ್ಲಯ್ಯನವರಿಗೆ ಜೀವಮಾನದಲ್ಲಿ ಮೊದಲ ಸಲ ಏನು ಹೇಳಬೇಕೆಂದು ತಿಳಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿತ್ತು. ಕೇಳದೇ ಇದ್ದದ್ದನ್ನು ಹೇಳಲು ಅವರು ಬಾಯಿ ತೆರೆದರು. ಸಾಹೇಬರು ಕೈ ಎತ್ತಿ ತಡೆದರು.

“ಪಂಪ್‌ಹೌಸಿಗೆ ಬೇರೆಯವರನ್ನ ನೋಡ್ತೀನಿ. ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಭಾನುವಾರ ಮತ್ತೆ ಬರ್ತೀನಿ.” ಬಾಗಿಲ ಚಿಲಕ ತೆಗೆಯುವಾಗ ಏನೋ ಯೋಚಿಸಿ ಧ್ವನಿ ತಗ್ಗಿಸಿದರು. “ನಿನ್ನೆ ಅದರ ಜಾಗದಲ್ಲಿ ನಾನು ಕೂತಿದ್ದು ತಪ್ಪು. ಪಾಪ, ಬೇಜಾರು ಮಾಡ್ಕೊಂಡಿರುತ್ತೆ. ಮೊದಲು ಅದಕ್ಕೆ ಮುಗಿಸಿ, ಆಮೇಲೆ ನಂಗೆ ಮಾಡಿ. ನಾನು ಕಾಯ್ತೀನಿ.”